ಹಸಿರು ಸಾಲ, ಹಾನಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪರಿಸರಕ್ಕೆ ಒಳಿತಾಗುವ ಕೆಲಸಗಳಿಗೆಂದು ಕೊಡುವ ಸಾಲಕ್ಕೂ ಹೂಡಿಕೆಗೂ ಈಗ ಹಲವು ದೇಶಗಳಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ 'ಗಣನೀಯ ಹಾನಿ ಮಾಡಬಾರದು' ಎಂಬ ಷರತ್ತಿನ ಕುರಿತು ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ವ್ಯವಹಾರದ ವಿಷಯವಾದ್ದರಿಂದ ಓದುಗರ ಹೆಸರನ್ನು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಗೋಕುಲ ರಸ್ತೆಯಲ್ಲಿ ನಮ್ಮದು ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ. ನಮ್ಮ ಮಾಲು ಕೊಳ್ಳುವ ಜರ್ಮನಿಯ ಕಂಪನಿಯೊಂದು ಪತ್ರ ಬರೆದು, ನಮ್ಮ ಉತ್ಪಾದನೆಯಿಂದ ಯಾವುದೇ ಪರಿಸರ ಉದ್ದೇಶಕ್ಕೆ ಗಣನೀಯ ಹಾನಿಯಾಗುವುದಿಲ್ಲ ಎಂದು ಸಹಿ ಮಾಡಿ ಕೊಡಲು ಕೇಳಿದೆ. ಯುರೋಪಿನ ಕಾನೂನು ನಮಗೇಕೆ ಅನ್ವಯಿಸಬೇಕು? ಸಹಿ ಮಾಡಿ ಕೊಟ್ಟರೆ ತೊಂದರೆ ಇದೆಯೇ?
— ಹುಬ್ಬಳ್ಳಿ

ಉತ್ತರ: ಆ ಕಾನೂನು ನಿಮಗೆ ನೇರವಾಗಿ ಅನ್ವಯಿಸುವುದಿಲ್ಲ. ಯುರೋಪಿಯನ್ ಒಕ್ಕೂಟವು 2020ರಲ್ಲಿ ಜಾರಿಗೆ ತಂದ, ಯಾವ ಚಟುವಟಿಕೆ ಪರಿಸರಸ್ನೇಹಿ ಎಂದು ವರ್ಗೀಕರಿಸುವ ಟ್ಯಾಕ್ಸಾನಮಿ ನಿಯಮದ ಪ್ರಕಾರ ಲೆಕ್ಕ ಒಪ್ಪಿಸಬೇಕಾದವರು ಅಲ್ಲಿನ ದೊಡ್ಡ ಕಂಪನಿಗಳು ಮತ್ತು ಹಣಕಾಸು ಸಂಸ್ಥೆಗಳು. ತಮ್ಮ ವಹಿವಾಟಿನಲ್ಲಿ ಎಷ್ಟು ಪಾಲು ನಿಜವಾಗಿ ಪರಿಸರಸ್ನೇಹಿ ಎಂದು ಅವರು ಪ್ರತಿವರ್ಷ ತಿಳಿಸಬೇಕು. ಹಾಗೆ ತಿಳಿಸಲು ನಾಲ್ಕು ಷರತ್ತುಗಳಿವೆ. ಮೊದಲನೆಯದಾಗಿ, ಆ ಚಟುವಟಿಕೆಯು ಆರು ಪರಿಸರ ಉದ್ದೇಶಗಳಲ್ಲಿ ಒಂದಕ್ಕಾದರೂ ಗಣನೀಯ ಕೊಡುಗೆ ನೀಡಬೇಕು. ಹವಾಮಾನ ಬದಲಾವಣೆಯನ್ನು ತಗ್ಗಿಸುವುದು, ಅದಕ್ಕೆ ಹೊಂದಿಕೊಳ್ಳುವುದು, ನೀರಿನ ರಕ್ಷಣೆ, ವಸ್ತುಗಳ ಮರುಬಳಕೆ, ಮಾಲಿನ್ಯ ತಡೆ ಮತ್ತು ಜೀವವೈವಿಧ್ಯದ ರಕ್ಷಣೆ, ಇವೇ ಆ ಆರು ಉದ್ದೇಶಗಳು. ಎರಡನೆಯದಾಗಿ, ಉಳಿದ ಐದರಲ್ಲಿ ಯಾವುದಕ್ಕೂ ಗಣನೀಯ ಹಾನಿ ಮಾಡಿರಬಾರದು. ಮೂರನೆಯದು ಕಾರ್ಮಿಕರ ಮತ್ತು ಮಾನವ ಹಕ್ಕುಗಳಿಗೆ ಸಂಬಂಧಿಸಿದೆ, ನಾಲ್ಕನೆಯದು ಆಯಾ ಚಟುವಟಿಕೆಗೆ ನಿಗದಿಪಡಿಸಿದ ತಾಂತ್ರಿಕ ಮಾನದಂಡಗಳಿಗೆ. ನಿಮಗೆ ಬಂದಿರುವ ಪತ್ರದ ಮೂಲ ಎರಡನೆಯ ಷರತ್ತಿನಲ್ಲಿದೆ.

ಇದೇ ನಿಯಮದ 17ನೆಯ ವಿಧಿಯು ಹಾನಿಯನ್ನು ಅಳೆಯುವಾಗ ಕಾರ್ಖಾನೆಯ ಚಿಮಣಿಯನ್ನು ಮಾತ್ರ ನೋಡುವುದಿಲ್ಲ. ತಯಾರಾದ ವಸ್ತು ಬಳಕೆಯಾಗುವಾಗ ಮತ್ತು ಬಳಸಿ ಎಸೆದ ಮೇಲೆ ಏನಾಗುತ್ತದೆ ಎಂಬುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮ ಖರೀದಿದಾರರು ನಿಮ್ಮ ವಾಲ್ವ್‌ಗಳನ್ನು ಕುಡಿಯುವ ನೀರಿನ ಜಾಲಕ್ಕೋ ಹೈಡ್ರೋಜನ್ ಘಟಕಕ್ಕೋ ಜೋಡಿಸಿ, ಆ ಘಟಕವನ್ನು ಹಸಿರು ಎಂದು ತೋರಿಸಬೇಕಾದರೆ, ವಾಲ್ವ್‌ನಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರಬೇಕು. ನಿಮ್ಮಂಥ ಕಾರ್ಖಾನೆಯಲ್ಲಿ ಈ ಪ್ರಶ್ನೆ ಮೂರು ಕಡೆ ನಿಜವಾಗಿಯೂ ತಾಗುತ್ತದೆ. ಲೇತಿನಲ್ಲಿ ಸಲೀಸಾಗಿ ಕತ್ತರಿಸಲಿ ಎಂದು ಹಿತ್ತಾಳೆಗೆ ಶೇ 2ರಿಂದ 3ರಷ್ಟು ಸೀಸ ಬೆರೆಸಿರುತ್ತಾರೆ. ಸೀಸವು 2018ರಿಂದ ಯುರೋಪಿನ ರೀಚ್ ರಾಸಾಯನಿಕ ಕಾನೂನಿನ ತೀವ್ರ ಕಳವಳದ ವಸ್ತುಗಳ ಪಟ್ಟಿಯಲ್ಲಿದ್ದು, ಒಂದು ಬಿಡಿಭಾಗದ ತೂಕದಲ್ಲಿ ಅದು ಶೇ 0.1ನ್ನು ಮೀರಿದರೆ ಕೊಳ್ಳುವವರಿಗೆ ತಿಳಿಸಲೇಬೇಕು. ಎರಡನೆಯದು ಸತುವಿನ ಲೇಪನವಿರುವ ಬೋಲ್ಟು-ನಟ್ಟುಗಳ ಹೊಳೆಯುವ ಹಳದಿ ಬಣ್ಣ. ಅದು ಹಲವು ಸಂದರ್ಭಗಳಲ್ಲಿ ಕ್ರೋಮಿಯಂನ ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂನಿಂದ ಬಂದಿರುತ್ತದೆ, ಅದರ ಬದಲಿಗೆ ಕಡಿಮೆ ಅಪಾಯದ ಟ್ರೈವೇಲೆಂಟ್ ಲೇಪನವೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಮೂರನೆಯದು ಹಳೆಯ ದಾಸ್ತಾನಿನಲ್ಲಿ ಉಳಿದಿರಬಹುದಾದ ಆಸ್ಬೆಸ್ಟಾಸ್ ಗ್ಯಾಸ್ಕೆಟ್. ಯುರೋಪಿನಲ್ಲಿ ಅದಕ್ಕೆ ಪ್ರವೇಶವೇ ಇಲ್ಲ.

ಲೇಪನದ ಕೆಲಸವನ್ನು ನೀವು ಹೊರಗೆ ಜಾಬ್ ವರ್ಕಿಗೆ ಕೊಡುತ್ತಿದ್ದರೆ ಅಲ್ಲಿಗೆ ನಿಮ್ಮ ಹೊಣೆ ಮುಗಿಯಿತು ಎಂದುಕೊಳ್ಳಬೇಡಿ. ಕ್ರೋಮ್ ಲೇಪನದ ತೊಟ್ಟಿಯ ತಳದಲ್ಲಿ ಕೂರುವ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಾಗಿಸುವಾಗ ನಮೂನೆ 10ರ ಮ್ಯಾನಿಫೆಸ್ಟ್ (ತ್ಯಾಜ್ಯದ ಸಾಗಣೆ ಪತ್ರ) ಜೊತೆಗಿರಬೇಕು. ನಿಮ್ಮ ಲೇಪನದವರಲ್ಲಿ ಆ ಮ್ಯಾನಿಫೆಸ್ಟಿನ ಪ್ರತಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಆ ಹಿಂಜರಿಕೆಯೇ ಒಂದು ಉತ್ತರ.

ಸಹಿಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ. 'ಯಾವುದೇ ಪರಿಸರ ಉದ್ದೇಶಕ್ಕೆ ಹಾನಿಯಿಲ್ಲ' ಎಂಬ ಒಟ್ಟಾರೆ ವಾಕ್ಯಕ್ಕೆ ಸಹಿ ಹಾಕಬೇಡಿ, ಏಕೆಂದರೆ ಅದನ್ನು ಸಾಬೀತುಪಡಿಸುವ ದಾಖಲೆ ನಿಮ್ಮಲ್ಲಷ್ಟೇ ಅಲ್ಲ, ಯಾರಲ್ಲಿಯೂ ಇರಲಾರದು. ಅದರ ಬದಲು, ಯಾವ ಮಾದರಿಯ ವಾಲ್ವ್, ಅದರಲ್ಲಿ ಯಾವ ಮಿಶ್ರಲೋಹ, ಸೀಸದ ಪ್ರಮಾಣ ಎಷ್ಟು, ಲೇಪನ ಯಾವುದು, ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ಬರೆದು, ಪರೀಕ್ಷಾ ವರದಿಗಳನ್ನು ಲಗತ್ತಿಸಿ ಕಳುಹಿಸಿ. ಒಟ್ಟಾರೆ ದೃಢೀಕರಣಕ್ಕಿಂತ ಇಂಥ ವಿವರವೇ ಖರೀದಿದಾರರ ಲೆಕ್ಕ ಪರಿಶೋಧಕರಿಗೆ ಹೆಚ್ಚು ಉಪಯುಕ್ತ. 2025ರ ಜುಲೈಯಲ್ಲಿ ಯುರೋಪಿಯನ್ ಆಯೋಗವು ಈ ನಿಯಮಗಳನ್ನು ಸರಳಗೊಳಿಸುವ ತಿದ್ದುಪಡಿಗಳನ್ನು ಅಂಗೀಕರಿಸಿದ್ದು, ವಹಿವಾಟಿನ ಶೇ 10ಕ್ಕಿಂತ ಕಡಿಮೆ ಪಾಲಿನ ಚಟುವಟಿಕೆಗಳನ್ನು ಅಳೆಯುವ ಹೊರೆಯಿಂದ ಕಂಪನಿಗಳಿಗೆ ವಿನಾಯಿತಿ ಸಿಕ್ಕಿದೆ. ಆದ್ದರಿಂದ ಪತ್ರದಲ್ಲಿ ಕೇಳಿದ್ದೆಲ್ಲವೂ ಈಗ ಅಗತ್ಯವೇ ಎಂದು ಅವರನ್ನೇ ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಾನು ಲೆಕ್ಕ ಪರಿಶೋಧಕನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಒಂದು ಕಂಪನಿ ವಿದ್ಯುತ್ ಉಳಿಸಿ ಬಹಳ ಇಂಗಾಲವನ್ನು ತಗ್ಗಿಸಿದ್ದರೆ, ಅದರ ಎದುರಿಗೆ ಸ್ವಲ್ಪ ನೀರಿನ ಮಾಲಿನ್ಯವನ್ನು ವಜಾ ಮಾಡಿಕೊಳ್ಳಲು ಬರುವುದಿಲ್ಲವೇ? ಎಷ್ಟು ಹಾನಿಯಾದರೆ ಅದು 'ಗಣನೀಯ'?
— ಧಾರವಾಡ

ಉತ್ತರ: ಬರುವುದಿಲ್ಲ. ಈ ಷರತ್ತಿನ ಪ್ರಾಣವೇ ಅಲ್ಲಿದೆ. ನಿಮ್ಮ ವೃತ್ತಿಯ ಭಾಷೆಯಲ್ಲಿಯೇ ಹೇಳುವುದಾದರೆ, ಆರು ಉದ್ದೇಶಗಳು ಆರು ಬೇರೆ ಬೇರೆ ಖಾತೆಗಳು, ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ವರ್ಗಾಯಿಸಲು ಅವಕಾಶವಿಲ್ಲ. ಇಂಗಾಲದ ಅನಿಲ ಎಲ್ಲಿ ಕಡಿಮೆಯಾದರೂ ಇಡೀ ಭೂಮಿಗೆ ಒಂದೇ. ಆದರೆ ಹಳ್ಳಕ್ಕೆ ಬಿಟ್ಟ ಬಣ್ಣದ ನೀರನ್ನು ಕುಡಿಯುವವರು ಆ ಹಳ್ಳದ ಕೆಳಗಿನ ಊರಿನವರೇ. ಎಲ್ಲರಿಗೂ ಹಂಚಿಹೋಗುವ ಒಳಿತನ್ನು ತೋರಿಸಿ ಕೆಲವರ ಮೇಲೆ ಮಾತ್ರ ಬೀಳುವ ಹಾನಿಯನ್ನು ಮುಚ್ಚಬಾರದು ಎಂಬುದು ನನಗೆ ಈ ನಿಯಮದಲ್ಲಿ ಅತ್ಯಂತ ನ್ಯಾಯವಾಗಿ ಕಾಣುವ ಅಂಶ.

'ಗಣನೀಯ' ಎಂಬುದಕ್ಕೆ ಎಲ್ಲ ಉದ್ಯಮಗಳಿಗೂ ಒಂದೇ ಅಳತೆಯಿಲ್ಲ. ಕೆಲವೆಡೆ ಅಂಕಿಯೇ ಇದೆ: ಹೊಸ ಕಟ್ಟಡ ಕಟ್ಟುವಾಗ ಬರುವ ಅಪಾಯಕಾರಿಯಲ್ಲದ ತ್ಯಾಜ್ಯದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 70ರಷ್ಟು ಮರುಬಳಕೆಗೆ ಸಿದ್ಧವಾಗಬೇಕು. ಕೆಲವೆಡೆ ನಿರ್ದಿಷ್ಟ ರಾಸಾಯನಿಕಗಳ ನಿಷೇಧವಿದೆ. ನೀರು ಮತ್ತು ಜೀವವೈವಿಧ್ಯದ ವಿಷಯದಲ್ಲಿ ಮಾತ್ರ ಅಂಕಿಗಿಂತ ವಿಧಾನಕ್ಕೆ ಹೆಚ್ಚು ಒತ್ತು: ಅಪಾಯ ಎಲ್ಲಿದೆ ಎಂದು ಮೊದಲೇ ಪರಿಶೀಲಿಸಿದಿರಾ, ಕಂಡ ಅಪಾಯಕ್ಕೆ ಏನು ಕ್ರಮ ಕೈಗೊಂಡಿರಿ, ಅದರ ದಾಖಲೆ ಎಲ್ಲಿದೆ ಎಂದು ಕೇಳುತ್ತಾರೆ. ಕಾಗದದ ಮೇಲೆ ಸುಲಭವಾಗಿ ಪಾರಾಗಬಹುದಾದ ಜಾಗವೂ ಇದೇ ಆದ್ದರಿಂದ, ಪರಿಶೋಧಕರಾದ ನೀವು ವರದಿಯನ್ನು ಓದಿ ಮುಗಿಸುವ ಬದಲು ನೀರಿನ ಮೀಟರಿನ ತಿಂಗಳ ಅಂಕಿಗಳನ್ನೂ ಕೊಳವೆಬಾವಿಯ ಆಳದ ದಾಖಲೆಯನ್ನೂ ತರಿಸಿ ನೋಡಬೇಕು.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಒಣಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್. ಛಾವಣಿಯ ಮೇಲೆ 50 ಕಿಲೋವ್ಯಾಟ್ ಸೌರ ಫಲಕ ಹಾಕಿಸಲು ಬ್ಯಾಂಕಿನಲ್ಲಿ ಹಸಿರು ಸಾಲ ಕೇಳಿದೆವು. ಬ್ಯಾಂಕಿನವರು ಸೌರ ಫಲಕದ ವಿಷಯ ಬಿಟ್ಟು, ನಮ್ಮ ಯಂತ್ರಕ್ಕೆ ಯಾವ ಗ್ಯಾಸ್ ತುಂಬುತ್ತೀರಿ, ವರ್ಷಕ್ಕೆ ಎಷ್ಟು ಸಲ ತುಂಬುತ್ತೀರಿ ಎಂದು ಕೇಳುತ್ತಿದ್ದಾರೆ. ಸೌರ ವಿದ್ಯುತ್ತಿಗೂ ಗ್ಯಾಸಿಗೂ ಏನು ಸಂಬಂಧ?
— ಬ್ಯಾಡಗಿ

ಉತ್ತರ: ಕಟ್ಟುನಿಟ್ಟಾಗಿ ನೋಡಿದರೆ ಸೌರ ಫಲಕಕ್ಕೂ ನಿಮ್ಮ ಗ್ಯಾಸಿಗೂ ಸಂಬಂಧವಿಲ್ಲ. ಯುರೋಪಿನ ಪಟ್ಟಿಯಲ್ಲೂ ಸೌರ ವಿದ್ಯುತ್ತಿಗೆ ಹಾನಿಯ ಪರೀಕ್ಷೆ ಇರುವುದು ಮೂರು ವಿಷಯಗಳಲ್ಲಿ ಮಾತ್ರ: ಗಾಳಿ-ಮಳೆ-ಬಿಸಿಲಿನ ವೈಪರೀತ್ಯವನ್ನು ಅದು ತಾಳುತ್ತದೆಯೇ, ಫಲಕವನ್ನು ಬಿಚ್ಚಿ ಮರುಬಳಸಲು ಬರುತ್ತದೆಯೇ, ಜೀವವೈವಿಧ್ಯಕ್ಕೆ ಧಕ್ಕೆಯಿದೆಯೇ. ಈಗಾಗಲೇ ಇರುವ ಛಾವಣಿಯ ಮೇಲೆ ಹಾಕುವುದರಿಂದ ಮೂರನೆಯದರ ಚಿಂತೆ ನಿಮಗಿಲ್ಲ. ಆದರೂ ಬ್ಯಾಂಕಿನವರ ಪ್ರಶ್ನೆ ಅನಗತ್ಯವಲ್ಲ. ಪರಿಸರದ ಕೆಲಸಗಳಿಗೆಂದೇ ಪಡೆಯುವ ಹಸಿರು ಠೇವಣಿಗಳ ಕುರಿತ ಭಾರತೀಯ ರಿಸರ್ವ್ ಬ್ಯಾಂಕಿನ ಚೌಕಟ್ಟು 2023ರ ಜೂನ್ 1ರಿಂದ ಜಾರಿಯಲ್ಲಿದ್ದು, ಅಂಥ ಠೇವಣಿಯ ಹಣವನ್ನು ಎಲ್ಲಿ ತೊಡಗಿಸಲಾಯಿತು ಎಂಬುದನ್ನು ಪ್ರತಿವರ್ಷ ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕು, ಅದರ ಪರಿಣಾಮವನ್ನೂ ಅಳೆಯಬೇಕು. ನಿಮ್ಮ ಸಾಲ ಆ ಠೇವಣಿಯಿಂದ ಬರುವುದಾದರೆ, ನಿಮ್ಮ ಘಟಕದಲ್ಲಿ ನಿಜವಾಗಿ ಎಷ್ಟು ಇಂಗಾಲ ಉಳಿಯಿತು ಎಂದು ಬ್ಯಾಂಕು ಉತ್ತರಿಸಬೇಕಾಗುತ್ತದೆ.

ಲೆಕ್ಕವನ್ನು ನೀವೇ ಹಾಕಿ ನೋಡಿ. 1 ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಂಡರೆ, 50 ಕಿಲೋವ್ಯಾಟಿಗೆ ವರ್ಷಕ್ಕೆ 70 ಸಾವಿರ ಯೂನಿಟ್‌ಗಳ ಆಸುಪಾಸು. ನಮ್ಮ ದೇಶದ ಗ್ರಿಡ್ ವಿದ್ಯುತ್ತಿನ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ನಿಮ್ಮ ಉಳಿತಾಯ ವರ್ಷಕ್ಕೆ ಸುಮಾರು 50 ಟನ್. ಇನ್ನು ನಿಮ್ಮ ಯಂತ್ರದಲ್ಲಿ ಆರ್-404ಎ ಗ್ಯಾಸ್ ಇದ್ದರೆ, ಅದರ 1 ಕಿಲೋ ಗಾಳಿಗೆ ಸೋರಿದಾಗ ಸುಮಾರು 3.9 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ತಾಪ ಹುಟ್ಟುತ್ತದೆ. ಅಂದರೆ ವರ್ಷದಲ್ಲಿ 13 ಕಿಲೋ ಸೋರಿದರೆ ಛಾವಣಿಯ ಮೇಲಿನ ಫಲಕಗಳು ಇಡೀ ವರ್ಷ ಗಳಿಸಿದ್ದು ಪೂರ್ತಿ ಅಳಿಸಿಹೋಗುತ್ತದೆ. ಹಳೆಯ ಆರ್-22 ಗ್ಯಾಸ್ ಇದ್ದರೆ ಅದು ಓಝೋನ್ ಪದರವನ್ನೂ ಕೆಡಿಸುತ್ತದೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ಹೊತ್ತಿಗೆ ನಮ್ಮ ದೇಶ ಅದನ್ನು ಬಹುತೇಕ ನಿಲ್ಲಿಸಬೇಕಾಗಿರುವುದರಿಂದ ಮುಂದೆ ಅದು ಸಿಗುವುದೂ ಕಷ್ಟವಾದೀತು. ಅಮೋನಿಯಾ ಯಂತ್ರವಾದರೆ ತಾಪದ ಲೆಕ್ಕದಲ್ಲಿ ಅದು ಶೂನ್ಯ. ಆದರೆ ಅಮೋನಿಯಾ ವಿಷಕಾರಿ, ಸೋರಿದರೆ ಒಳಗಿರುವ ಹಮಾಲರ ಜೀವಕ್ಕೆ ಅಪಾಯ. ಸೋರಿಕೆ ಪತ್ತೆ ಮಾಡುವ ಸಾಧನ ಮತ್ತು ಮುಖವಾಡಗಳು ಕೆಲಸ ಮಾಡುತ್ತಿವೆಯೇ ಎಂದು ಬ್ಯಾಂಕಿನವರು ಕೇಳುವ ಮೊದಲೇ ನೋಡಿಸಿಕೊಳ್ಳಿ.

ಎಷ್ಟು ಸೋರಿತು ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಯಂತ್ರದಲ್ಲಿ ಹೊಸದಾಗಿ ಗ್ಯಾಸ್ ತುಂಬಿಸಿದ ಪ್ರಮಾಣವೇ ಸೋರಿಹೋದ ಪ್ರಮಾಣ. ಮೆಕ್ಯಾನಿಕ್ ಬಂದಾಗ ಸಿಲಿಂಡರನ್ನು ತುಂಬುವ ಮೊದಲೊಮ್ಮೆ, ತುಂಬಿದ ಮೇಲೊಮ್ಮೆ ತೂಕ ಮಾಡಿಸಿ, ದಿನಾಂಕದೊಂದಿಗೆ ಒಂದು ವಹಿಯಲ್ಲಿ ಬರೆದು ಅವರ ಸಹಿ ಪಡೆಯಿರಿ. ಮೆಣಸಿನಕಾಯಿ ಚೀಲ ತೂಗುವ ಕಾಟಾ ನಿಮ್ಮಲ್ಲಿ ಇದ್ದೇ ಇರುತ್ತದೆ. ಫಲಕ ಮಾರುವವರಿಂದಲೂ ಒಂದು ಲಿಖಿತ ಒಪ್ಪಂದ ಬೇಕು. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ಒಳಗೊಂಡಿರುವುದರಿಂದ, ಒಡೆದ ಫಲಕವನ್ನು ಮರಳಿ ಪಡೆಯುವವರು ಯಾರು ಎಂಬುದು ಅದರಲ್ಲಿ ಇರಲಿ.

ಪ್ರಶ್ನೆ: ನಮ್ಮ ಎರಿಹೊಲದಲ್ಲಿ ಗಾಳಿಯಂತ್ರ ನಿಲ್ಲಿಸಲು ಕಂಪನಿಯವರು ಲಾವಣಿಗೆ ಭೂಮಿ ಕೇಳುತ್ತಿದ್ದಾರೆ. ವಿದೇಶಿ ಹಣದ ಯೋಜನೆಯಂತೆ. ಗಾಳಿ ವಿದ್ಯುತ್ತಿಗೆ ಪರಿಸರದ ಪರೀಕ್ಷೆ ಬೇಕಿಲ್ಲ, ಅದು ಸ್ವತಃ ಹಸಿರು ಎನ್ನುತ್ತಾರೆ. ಇದು ನಿಜವೇ? ನಾವು ಏನು ಕೇಳಬೇಕು?
— ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ

ಉತ್ತರ: ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನೆಲದ ಮೇಲಿನ ಗಾಳಿ ವಿದ್ಯುತ್ ಯೋಜನೆಗೆ ಪರಿಸರ ಅನುಮತಿ ಪಡೆಯಬೇಕಿಲ್ಲ. ಆದರೆ ಹಣ ಯುರೋಪಿನ ಹಸಿರು ನಿಧಿಯಿಂದ ಬರುವುದಾದರೆ, ಇಲ್ಲಿನ ವಿನಾಯಿತಿ ಅಲ್ಲಿನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಅವರ ಮಾನದಂಡದಲ್ಲಿ ಗಾಳಿ ವಿದ್ಯುತ್ತು ಹವಾಮಾನದ ಉದ್ದೇಶಕ್ಕೆ ಕೊಡುಗೆ ನೀಡುತ್ತದೆ ಎಂಬುದನ್ನು ನೇರವಾಗಿ ಒಪ್ಪಿಕೊಂಡಿದ್ದಾರೆ. ಅದೇ ಉಸಿರಿನಲ್ಲಿ ಎರಡು ಹಾನಿಗಳ ಬಗ್ಗೆ ಎಚ್ಚರಿಸಿದ್ದಾರೆ. ಒಂದು ಜೀವವೈವಿಧ್ಯ: ಯುರೋಪಿನ ಹೊರಗಿನ ಯೋಜನೆಗಳಿಗೆ ಆ ದೇಶದ ಸಮಾನ ಕಾನೂನು ಅಥವಾ ಅಂತರರಾಷ್ಟ್ರೀಯ ಮಾನದಂಡದಂತೆ ಪರಿಣಾಮದ ಅಧ್ಯಯನವಾಗಿರಬೇಕು, ಸೂಕ್ಷ್ಮ ಪ್ರದೇಶದಲ್ಲಿ ಅಥವಾ ಅದರ ಹತ್ತಿರ ಇದ್ದರೆ ಇನ್ನೂ ಆಳವಾದ ಅಧ್ಯಯನ ಬೇಕು. ಇನ್ನೊಂದು ಮರುಬಳಕೆ: ಬಾಳಿಕೆ ಬರುವ, ಬಿಚ್ಚಲು ಮತ್ತು ದುರಸ್ತಿ ಮಾಡಲು ಸಾಧ್ಯವಾಗುವ ಬಿಡಿಭಾಗಗಳನ್ನು ಸಾಧ್ಯವಿದ್ದಷ್ಟು ಬಳಸಬೇಕು.

ನಿಮ್ಮ ತಾಲ್ಲೂಕಿನಲ್ಲಿ ಈ ಎರಡೂ ಬರೀ ಮಾತಲ್ಲ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಆ ಹಕ್ಕಿಗಳು ಕೆರೆಯಲ್ಲಿಯೇ ಕುಳಿತಿರುವುದಿಲ್ಲ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬರುತ್ತವೆ. ಆದ್ದರಿಂದ ಕೆರೆಯ ಅಂಗಳದಿಂದ ಯಂತ್ರ ಎಷ್ಟು ದೂರ ಎಂಬುದಷ್ಟೇ ಸಾಲದು, ಹಕ್ಕಿಗಳ ಹಾರುವ ಹಾದಿಯಲ್ಲಿ ಅದು ನಿಲ್ಲುತ್ತದೆಯೇ ಎಂಬುದು ಮುಖ್ಯ. ಇದನ್ನು ಒಂದು ದಿನದ ಭೇಟಿಯಿಂದ ತಿಳಿಯಲಾಗದು. ಹಕ್ಕಿಗಳು ಇರುವ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲದಲ್ಲಿ ಅಧ್ಯಯನ ಮಾಡಿದ್ದಾರೆಯೇ ಎಂದು ಕೇಳಿ. ಮೇ ತಿಂಗಳಲ್ಲಿ ಬಂದು ಹೋಗಿ 'ಹಕ್ಕಿಗಳು ಕಾಣಲಿಲ್ಲ' ಎಂದು ಬರೆದ ವರದಿಗೆ ಬೆಲೆ ಕೊಡಬೇಡಿ. ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಹಿಂದೆ ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದ 2017ರ ಹೋರಾಟವೂ ಇತ್ತು. ಗುಡ್ಡದ ನೆತ್ತಿಯಲ್ಲಿ ಅದಕ್ಕೂ ಮೊದಲೇ ಗಾಳಿಯಂತ್ರಗಳು ನಿಂತಿದ್ದವು. ಯಂತ್ರ ನಿಲ್ಲಿಸುವುದಕ್ಕಿಂತ ಅದನ್ನು ಮೇಲಕ್ಕೆ ಸಾಗಿಸಲು ಗುಡ್ಡ ಕಡಿದು ಮಾಡುವ ರಸ್ತೆಯೇ ಹೆಚ್ಚು ಮಣ್ಣು ಕೊಚ್ಚಿಸುತ್ತದೆ ಎಂಬುದು ಗುಡ್ಡದ ಬುಡದ ಹೊಲಗಳವರಿಗೆ ಗೊತ್ತಿರುವ ವಿಷಯ.

ನಿಮ್ಮ ಹೊಲದ ಮಟ್ಟಿಗೆ ಹೇಳುವುದಾದರೆ, ಕ್ರೇನ್ ನಿಲ್ಲಲು ಮತ್ತು ಟ್ರೇಲರ್ ತಿರುಗಲು ಎರಿಮಣ್ಣಿನ ಮೇಲೆ ಗರಸು ಹಾಕಿ ಗಟ್ಟಿ ಮಾಡುತ್ತಾರೆ. ಆ ಏರು ಹಾದಿ ಮಳೆಯ ನೀರಿಗೆ ಒಡ್ಡಾಗಿ ನಿಂತು, ಒಂದು ಕಡೆ ಹೊಲ ಜವುಳು ಹಿಡಿಯುತ್ತದೆ, ಇನ್ನೊಂದು ಕಡೆ ಬದು ಒಡೆಯುತ್ತದೆ. ರಸ್ತೆಯ ಕೆಳಗೆ ಪೈಪ್ ಎಲ್ಲೆಲ್ಲಿ ಹಾಕುತ್ತಾರೆ ಎಂಬ ನಕ್ಷೆ ಕರಾರಿನ ಭಾಗವಾಗಿರಲಿ. ಯಂತ್ರದ ಬಾಳಿಕೆ 20ರಿಂದ 25 ವರ್ಷ. ಅದರ ರೆಕ್ಕೆಗಳು ಗಾಜಿನ ನಾರು ಮತ್ತು ಅಂಟಿನ ಮಿಶ್ರಣವಾದ್ದರಿಂದ ಉಕ್ಕಿನಂತೆ ಗುಜರಿಗೆ ಹೋಗುವುದಿಲ್ಲ. ಅವಧಿ ಮುಗಿದ ಮೇಲೆ ಬಿಚ್ಚಿ ಒಯ್ಯುವವರು ಯಾರು, ಕಾಂಕ್ರೀಟ್ ಬುನಾದಿಯನ್ನು ಎಷ್ಟು ಆಳದವರೆಗೆ ತೆಗೆಯುತ್ತಾರೆ, ಅದಕ್ಕೆಂದು ಈಗಲೇ ಎಷ್ಟು ಹಣ ಮೀಸಲಿಡುತ್ತಾರೆ, ನಡುವೆ ಕಂಪನಿ ಕೈಬದಲಾದರೆ ಹೊಸ ಮಾಲೀಕರಿಗೂ ಈ ಕರಾರು ಬದ್ಧವೇ ಎಂಬ ನಾಲ್ಕನ್ನೂ ನೋಂದಣಿಗೆ ಮೊದಲು ಬರೆಸಿಕೊಳ್ಳಿ. ಬಿಚ್ಚುವ ಮತ್ತು ಮರುಬಳಸುವ ವಿಷಯವನ್ನು ಯುರೋಪಿನ ನಿಯಮಗಳೇ ಎತ್ತುವುದರಿಂದ ನೀವು ಅತಿಯಾಗಿ ಕೇಳುತ್ತಿದ್ದೀರಿ ಎಂದು ಯಾರೂ ಹೇಳಲಾರರು.

ಪ್ರಶ್ನೆ: ನಮ್ಮ ಊರಿನ ಗೋಮಾಳದಲ್ಲಿ ಗಿಡ ನೆಟ್ಟು ಕಾರ್ಬನ್ ಹಣ ತರುತ್ತೇವೆ ಎಂದು ಒಂದು ಸಂಸ್ಥೆ ಪಂಚಾಯಿತಿಗೆ ಬಂದಿದೆ. ಗಿಡ ನೆಡುವುದಕ್ಕೂ ಹಾನಿಯ ಮಾನದಂಡ ಇರುತ್ತದೆಯೇ?
— ಹಾನಗಲ್ಲ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ಇರುತ್ತದೆ, ಇರಲೇಬೇಕು. ಇದನ್ನು ನಿಮ್ಮ ತಾಲ್ಲೂಕು ಯುರೋಪಿಗಿಂತ ಬಹಳ ಮೊದಲೇ ಹೇಳಿತ್ತು. 1980ರ ದಶಕದಲ್ಲಿ ಸರಕಾರಿ ನಿಗಮವೂ ಖಾಸಗಿ ಕಾರ್ಖಾನೆಯೂ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಕೊಟ್ಟಾಗ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮತ್ತು ಹೋರಾಟಗಾರ ಎಸ್.ಆರ್. ಹಿರೇಮಠ ಅವರೊಂದಿಗೆ ಕುಸನೂರಿನ ಜನ 1987ರ ನವೆಂಬರ್ 14ರಂದು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಹಳ್ಳಿಗೆ ಉಪಯೋಗವಾಗುವ ಸಸಿಗಳನ್ನು ಆ ಜಾಗದಲ್ಲಿ ಹಚ್ಚಿದರು. ದೂರದಿಂದ ನೋಡಿದರೆ ಅಲ್ಲಿ ಹಸಿರೇ ಇತ್ತು. ಆದರೆ ದನಕ್ಕೆ ಮೇವು, ಒಲೆಗೆ ಕಟ್ಟಿಗೆ, ಬಡವರಿಗೆ ಓಡಾಡುವ ನೆಲ ಇಲ್ಲವಾಗಿತ್ತು. ಆ ಕಂಪನಿ ಮುಂದೆ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ರಾಜ್ಯ ಸರಕಾರವೇ ನಿಷೇಧಿಸಿತು.

ಈಗಿನ ಯುರೋಪಿನ ಅರಣ್ಯೀಕರಣ ಮಾನದಂಡಗಳು ಸ್ಥಳೀಯ ಜಾತಿಯ ಗಿಡಗಳಿಗೆ ಆದ್ಯತೆ ಕೊಡುತ್ತವೆ, ಆಕ್ರಮಣಕಾರಿ ಜಾತಿಗಳನ್ನು ತಡೆಯುತ್ತವೆ, ರಾಸಾಯನಿಕ ಸಿಂಪಡಣೆಯನ್ನು ಕಡಿಮೆ ಮಾಡಲು ಹೇಳುತ್ತವೆ, ಜೀವವೈವಿಧ್ಯವಿರುವ ಹುಲ್ಲುಗಾವಲನ್ನು ತೋಪಾಗಿಸುವುದನ್ನು ಒಪ್ಪುವುದಿಲ್ಲ. ಕೊನೆಯದನ್ನು ನಮ್ಮ ಭಾಗದವರು ಗಮನಿಸಬೇಕು. ಹುಲ್ಲಿನ ಬಯಲು ಬರಡು ಭೂಮಿಯಲ್ಲ, ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಬೇಕಾದದ್ದು ಆ ಬಯಲೇ. ಸಂಸ್ಥೆಯವರು ತಂದಿರುವ ಸಸಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ಈಗ ಅಲ್ಲಿ ಯಾರ ದನ, ಯಾರ ಕುರಿ ಮೇಯುತ್ತಿವೆ ಎಂಬ ಪಟ್ಟಿಯನ್ನೂ ಪಂಚಾಯಿತಿಯೇ ಮಾಡಲಿ. ಕರಾರಿಗೆ ಸಹಿ ಹಾಕುವ ಮೊದಲು ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಪ್ರಶ್ನೆ: ನಾನು ವಾಣಿಜ್ಯ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ದೇಶದಲ್ಲಿ ಇಂಥ ಹಾನಿಯ ಮಾನದಂಡ ಇದೆಯೇ?
— ಧಾರವಾಡ

ಉತ್ತರ: ಬಿಡಿಬಿಡಿಯಾಗಿ ಇದೆ, ಒಂದೇ ಕಾನೂನಿನಲ್ಲಿ ಇಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2021ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದ ಲಿಸ್ಟೆಡ್ ಕಂಪನಿಗಳು 2022-23ರಿಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ನೀರಿನ ಬಳಕೆ, ಹೊಗೆ, ತ್ಯಾಜ್ಯ, ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಕಚೇರಿ ಅಥವಾ ಕಾರ್ಖಾನೆ ಇದೆಯೇ ಎಂಬೆಲ್ಲ ವಿವರಗಳು ಅದರಲ್ಲಿರುತ್ತವೆ. ಆದರೆ ಅದು ತಿಳಿಸಿ ಎನ್ನುತ್ತದೆ, ಇಷ್ಟನ್ನು ಮೀರಿದರೆ ನೀವು ಹಸಿರಲ್ಲ ಎಂದು ಹೇಳುವುದಿಲ್ಲ. ಸರಕಾರದ ಹಸಿರು ಬಾಂಡ್‌ಗಳ 2022ರ ಚೌಕಟ್ಟು ಇನ್ನೊಂದು ದಾರಿ ಹಿಡಿದಿದೆ. ಪಳೆಯುಳಿಕೆ ಇಂಧನ, ಪರಮಾಣು ವಿದ್ಯುತ್, ತ್ಯಾಜ್ಯದ ನೇರ ದಹನ, 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್, ಸಂರಕ್ಷಿತ ಪ್ರದೇಶದಿಂದ ತಂದ ಜೀವರಾಶಿಯ ವಿದ್ಯುತ್ ಇವುಗಳಿಗೆ ಆ ಹಣ ಹೋಗದಂತೆ ಪಟ್ಟಿ ಮಾಡಿ ಹೊರಗಿಟ್ಟಿದೆ. ಹಣಕಾಸು ಸಚಿವಾಲಯವು 2025ರ ಮೇ ತಿಂಗಳಲ್ಲಿ ಹವಾಮಾನ ಹಣಕಾಸಿನ ವರ್ಗೀಕರಣದ ಕರಡು ಚೌಕಟ್ಟನ್ನು ಸಾರ್ವಜನಿಕರ ಮುಂದಿಟ್ಟಿತು.

ಕಾನೂನಿನ ಬೇರು ಮಾತ್ರ ನಮ್ಮಲ್ಲಿ ಹೊಸದಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆಗಳಿವೆ. ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು, ಖಚಿತ ಪುರಾವೆ ಸಿಗುವ ಮುನ್ನವೇ ಮುಂಜಾಗ್ರತೆ ವಹಿಸಬೇಕು ಎಂಬ ತತ್ವಗಳನ್ನು ಸುಪ್ರೀಂ ಕೋರ್ಟ್ 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿಯೇ ಎತ್ತಿಹಿಡಿಯಿತು. ನಮ್ಮಲ್ಲಿ ಕೊರತೆಯಿರುವುದು ಈ ಕಾಯ್ದೆಗಳಿಗೂ ಬ್ಯಾಂಕಿನ ಸಾಲದ ಕಡತಕ್ಕೂ ನಡುವಿನ ಕೊಂಡಿಯಲ್ಲಿ. ಮಾಲಿನ್ಯ ಮಂಡಳಿಯಿಂದ ನೋಟಿಸ್ ಪಡೆದ ಘಟಕಕ್ಕೆ ಅದೇ ವರ್ಷ ಹಸಿರು ಸಾಲವೂ ಸಿಗುವಂತಿದ್ದರೆ ಆ ಸಾಲದ ಹೆಸರಿಗೆ ಅರ್ಥವಿಲ್ಲ. ನಿಮ್ಮ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಕಂಪನಿಯೊಂದು ತನ್ನ ಸುಸ್ಥಿರತೆ ವರದಿಯಲ್ಲಿ ಕೊಟ್ಟ ನೀರಿನ ಅಂಕಿಗಳನ್ನು ಅದರ ಸಮ್ಮತಿ ಪತ್ರದಲ್ಲಿ ನಿಗದಿಯಾದ ಮಿತಿಯೊಂದಿಗೆ ಹೋಲಿಸಿ ನೋಡಿ.

ಪ್ರಶ್ನೆ: ನಮ್ಮ ಬೀಜ ಸಂಸ್ಕರಣಾ ಘಟಕಕ್ಕೆ ಐಎಸ್ಒ 14001 ಪ್ರಮಾಣಪತ್ರವಿದೆ. ಹಾನಿ ಮಾಡಿಲ್ಲ ಎನ್ನಲು ಅಷ್ಟು ಸಾಕಲ್ಲವೇ?
— ರಾಣೆಬೆನ್ನೂರು

ಉತ್ತರ: ಸಾಲದು. ಪರಿಸರವನ್ನು ನಿರ್ವಹಿಸುವ ಒಂದು ವ್ಯವಸ್ಥೆ ನಿಮ್ಮಲ್ಲಿದೆ ಎಂದಷ್ಟೇ ಆ ಪ್ರಮಾಣಪತ್ರ ಹೇಳುತ್ತದೆ. ಹೊರಗೆ ಹೋಗುವ ನೀರಿನಲ್ಲಿ ಏನಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ನಿಮ್ಮ ಘಟಕದಲ್ಲಿ ಮೊದಲು ನೋಡಬೇಕಾದದ್ದು ಬೀಜೋಪಚಾರದ ಯಂತ್ರ ತೊಳೆದ ನೀರು, ಔಷಧ ಲೇಪಿಸಿದ ಮೇಲೆ ಮಾರಾಟವಾಗದೆ ಉಳಿದ ಬೀಜ ಮತ್ತು ಔಷಧದ ಖಾಲಿ ಡಬ್ಬಿಗಳು. ಈ ಮೂರೂ ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ದಿನಾಂಕ, ತೂಕ ಮತ್ತು ರಸೀದಿ ಸಹಿತ ದಾಖಲೆ ಇದ್ದರೆ, ಪ್ರಮಾಣಪತ್ರದ ಜೊತೆಗೆ ಅದನ್ನೂ ಕೊಡಿ. ಇಲ್ಲದಿದ್ದರೆ ಈ ಹಂಗಾಮಿನಿಂದಲೇ ಬರೆದಿಡಲು ಶುರು ಮಾಡಿ. ಹಳೆಯ ಹಂಗಾಮುಗಳ ಅಂಕಿಗಳನ್ನು ಊಹಿಸಿ ತುಂಬಬೇಡಿ.